ಕಂದಾಯ ಅರ್ಧ ಆದ್ರೆ ಲೈಬ್ರರಿ ಕುರ್ಚಿನೂ ಅರ್ಧ

ಫೋಟೋದಲ್ಲಿರೋದು ನಮ್ಮೂರ ಸಾರ್ವಜನಿಕ ಗ್ರಂಥಾಲಯದ ಓದೋ ಕೋಣೆ. ಬಾಗಿಲು ತೆಗೆಯೋಕೆ ಮುಂಚೆನೇ ಬ್ಯಾಗ್ ಸಾಲಾಗಿಟ್ಟು ಸೀಟು ಹಿಡೀತೀವಲ್ಲ, ಅದೇ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಓದೋರೆಲ್ಲ ಇಲ್ಲೇ.

ಚುನಾವಣೆ ವಾಸನೆ ಬಂದ್ರೆ ಸಾಕು, ‘ಮನೆ ಕಂದಾಯ ಅರ್ಧ ಮಾಡ್ತೀವಿ, ಮನ್ನಾ ಮಾಡ್ತೀವಿ’ ಅನ್ನೋ ರೀಲ್ ಶುರು. ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಅದಕ್ಕೆ ಚಪ್ಪಾಳೆ ಎಮೋಜಿ. ಹಾಕಿದವ್ರಲ್ಲಿ ಕೆಲವರು ಈ ಕೋಣೆಯಲ್ಲೇ ಕೂತು ಹಾಕಿದ್ದು, ನಾನೇ ನೋಡಿದೀನಿ!

ಸ್ವಲ್ಪ ಲೆಕ್ಕ ಕೇಳಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಅದರ ಪ್ರಕಾರ ಆಸ್ತಿ ತೆರಿಗೆ ಮೇಲೆ ಗ್ರಂಥಾಲಯ ಕರ ಬೀಳುತ್ತೆ, ಶೇ. 6. ನಿಮ್ಮ ಮನೆಗೆ 4,000 ರೂಪಾಯಿ ತೆರಿಗೆ ಇದ್ರೆ 240 ರೂಪಾಯಿ ಲೈಬ್ರರಿಗೆ. ತೆರಿಗೆ ಅರ್ಧ ಮಾಡಿ, 240 ಹೋಗಿ 120 ಆಯ್ತು. ಲೈಬ್ರರಿ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ, ಆದ್ರೂ ಕತ್ತರಿ ಬಿತ್ತು.

ವಸೂಲಾದ ಕರವನ್ನೂ ಎಷ್ಟೋ ಕಡೆ ಲೈಬ್ರರಿಗೆ ಸರಿಯಾಗಿ ಕಟ್ಟಲ್ಲ, ಗೊತ್ತು. ಅದು ಬೇರೆ ಜಗಳ, ಮುಂದಿನ ಪೋಸ್ಟ್‌ನಲ್ಲಿ ಬೈತೀನಿ. ಕೊಡ ತೂತಾಗಿದೆ ಅಂತ ಬಾವಿ ಮುಚ್ತಾರಾ?

ಇನ್ನು ಲಾಭ ಯಾರಿಗೆ? 1,200 ಕಟ್ಟೋ ಸಣ್ಣ ಮನೆಗೆ 600 ಉಳಿಯುತ್ತೆ. 60,000 ಕಟ್ಟೋ ಕಾಂಪ್ಲೆಕ್ಸ್ ಓನರ್‌ಗೆ 30,000. ಪಿಜಿಯಲ್ಲಿರೋ ನಿಮಗೆ? ಓನರ್ ಆಂಟಿ ಕರೆದು ‘ಬಾಡಿಗೆ ಇಳಿಸಿದೀನಿ ಮಗಾ’ ಅಂತಾರೆ ಅಂದ್ಕೊಂಡಿದ್ರೆ ನಿಮ್ಮ ಇಷ್ಟ.

ಪುರಸಭೆಯವ್ರು ಗೊಣಗೋದಕ್ಕೆ ಕಾರಣ ಇದೆ. ಮೊದಲು ಊರೊಳಗೆ ಬರೋ ಸರಕಿನ ಮೇಲೆ ಆಕ್ಟ್ರಾಯ್ ಇತ್ತು. ಕರ್ನಾಟಕದಲ್ಲಿ 1979ರಲ್ಲಿ ಅದನ್ನ ತೆಗೆದ್ರು. ಲಾರಿಗಳು ನಾಕಾದಲ್ಲಿ ಕಾಯೋದು ತಪ್ಪಿತು, ಒಳ್ಳೇದೇ. ಆದ್ರೆ ಪುರಸಭೆ ರಾಜ್ಯದ ಅನುದಾನಕ್ಕೆ ಕೈ ಚಾಚಿ ನಿಲ್ಲೋ ಹಾಗಾಯ್ತು. ಈಗ ಸ್ವಂತದ್ದು ಅಂತ ಉಳಿದಿರೋದ್ರಲ್ಲಿ ಮುಖ್ಯವಾದದ್ದೇ ಈ ಮನೆ ಕಂದಾಯ. ಅದನ್ನೂ ಕಿತ್ಕೊಂಡು, ಚರಂಡಿ ತುಂಬಿದಾಗ ಅದೇ ಕೌನ್ಸಿಲರ್ ಮನೆ ಮುಂದೆ ಹೋಗಿ ಕೂಗ್ತೀವಿ.

ಮುಂಬೈನಲ್ಲಿ 2022ರ ಜನವರಿ 1ರಂದು 500 ಚದರ ಅಡಿವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಮನ್ನಾ ಅಂತ ಘೋಷಿಸಿದ್ರು. ಘೋಷಿಸಿದ್ದು ಮುಖ್ಯಮಂತ್ರಿ, ಆದಾಯ ಬಿಟ್ಟಿದ್ದು ಮಹಾನಗರ ಪಾಲಿಕೆ. ಅಷ್ಟು ಚಿಕ್ಕ ಮನೆಯವ್ರಿಗೆ ರಿಯಾಯಿತಿ ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಮುಂಬೈ ಪಾಲಿಕೆ ಬ್ಯಾಂಕಿನಲ್ಲಿ ಸಾವಿರಾರು ಕೋಟಿ ಠೇವಣಿ ಇಟ್ಟಿರೋ ಪಾಲಿಕೆ ಕಣ್ರಪ್ಪಾ, ಒಂದು ಏಟು ತಡ್ಕೊಳ್ಳುತ್ತೆ. ನಮ್ಮೂರ ಪುರಸಭೆ?

ಬಡವರಿಗೆ ಮಾಫಿ ಮಾಡಿ, ಬೇಡ ಅಂದವ್ರ್ಯಾರು. ಮಾಫಿ ಘೋಷಿಸಿದ ಸರ್ಕಾರ ಅಷ್ಟೂ ದುಡ್ಡನ್ನ ಅದೇ ವರ್ಷ ಪುರಸಭೆಗೆ ಕಟ್ಟಿಕೊಡಲಿ, ಲೈಬ್ರರಿಯ ಪಾಲೂ ಸೇರಿಸಿ. ವೋಟು ಕೇಳೋಕೆ ಬಂದಾಗ ಇದೊಂದನ್ನ ಬರೆದು ಕೊಡಿ ಅನ್ನಿ, ರೀಲ್ ಮಾಡೋ ಮುಖ ಹೇಗಾಗುತ್ತೆ ನೋಡೋಣ.

ಇವತ್ತು ಮನೇಲಿ ಅಪ್ಪ ಅಥವಾ ಅಮ್ಮನ ಹತ್ರ ಕಂದಾಯದ ರಸೀದಿ ಕೇಳಿ. ‘ಗ್ರಂಥಾಲಯ ಕರ’ ಅನ್ನೋ ಸಾಲು ಹುಡುಕಿ, ಎಷ್ಟಿದೆ ಅಂತ ಕಾಮೆಂಟ್ ಹಾಕಿ. ನಮ್ಮನೇದು 138.

#ಮನೆಕಂದಾಯ #ನಮ್ಮೂರಲೈಬ್ರರಿ