ಬ್ರೇಸ್ ತೊಟ್ಟಿದ್ದರಿಂದಲೇ ವಾಸಿಯಾಯಿತೇ?



ತೊಡೆಮೂಳೆಯ ತುದಿ ಚೆಂಡಿನಂತೆ ದುಂಡಗಿದೆ. ಅದು ಸೊಂಟದ ಮೂಳೆಯ ಬಟ್ಟಲಿನಂತಹ ಕುಳಿಯಲ್ಲಿ ತಿರುಗುವುದರಿಂದಲೇ ನೀವು ಓಡುತ್ತೀರಿ, ಚಕ್ಕಳಮಕ್ಕಳ ಹಾಕಿ ಕೂರುತ್ತೀರಿ. ಕೆಲವು ಮಕ್ಕಳಲ್ಲಿ, ಹೆಚ್ಚಾಗಿ 4ರಿಂದ 8 ವರ್ಷದವರಲ್ಲಿ, ಈ ಚೆಂಡಿಗೆ ರಕ್ತಪೂರೈಕೆ ಕುಂಠಿತವಾಗುತ್ತದೆ. ಅಲ್ಲಿನ ಮೂಳೆ ಸತ್ತು ದುರ್ಬಲವಾಗುತ್ತದೆ. ಮಗು ಕುಂಟತೊಡಗುತ್ತದೆ. ಇದೇ ಪರ್ಥೆಸ್ ರೋಗ. ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥೆಸ್ ಮೂವರೂ 1910ರಲ್ಲಿ ಇದನ್ನು ಬೇರೆ ಬೇರೆಯಾಗಿ ವಿವರಿಸಿದರು.

ಸಂತಸದ ವಿಷಯವೆಂದರೆ, ಅಲ್ಲಿ ಮತ್ತೆ ರಕ್ತ ಹರಿದು, ಕೆಲವು ವರ್ಷಗಳಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಆದರೆ ಅಷ್ಟರಲ್ಲಿ ಚೆಂಡು ಚಪ್ಪಟೆಯಾದರೆ ಮುಂದೆ ಕೀಲು ಸವೆದು ನೋಯಬಹುದು. ಹಸಿಮಣ್ಣನ್ನು ಬಟ್ಟಲಿನಲ್ಲಿ ಒತ್ತಿಟ್ಟರೆ ಬಟ್ಟಲಿನ ಆಕಾರವನ್ನೇ ಪಡೆಯುತ್ತದಲ್ಲವೇ? ಹಾಗೆಯೇ ಚೆಂಡನ್ನು ಕುಳಿಯೊಳಗೆ ಇರಿಸಿದರೆ ದುಂಡಗೆ ಬೆಳೆದೀತು ಎಂದು ವೈದ್ಯರು ಯೋಚಿಸಿದರು. ಅದಕ್ಕಾಗಿ ಎರಡೂ ಕಾಲುಗಳನ್ನು ಅಗಲಿಸಿ ಹಿಡಿಯುವ ಬ್ರೇಸ್‌ಗಳು ಬಂದವು. ಮಕ್ಕಳು ಅವನ್ನು ತಿಂಗಳುಗಟ್ಟಲೆ ತೊಟ್ಟರು. ಬಹಳ ಮಕ್ಕಳು ಚೇತರಿಸಿಕೊಂಡರು.

ಈಗ ಒಂದು ಪ್ರಶ್ನೆ. ಬ್ರೇಸ್ ತೊಡದಿದ್ದರೂ ಅವರು ಚೇತರಿಸಿಕೊಳ್ಳುತ್ತಿದ್ದರೇ? ಗೊಬ್ಬರದ ಗುಣ ತಿಳಿಯಲು ನೀವು ಗೊಬ್ಬರ ಹಾಕದ ಇನ್ನೊಂದು ಕುಂಡವನ್ನೂ ಇಡುತ್ತೀರಿ. ಇಲ್ಲಿಯೂ ಹೋಲಿಕೆ ಬೇಕು. ಅಮೆರಿಕದ ಡಾ. ಹೆರಿಂಗ್ ಮತ್ತು ಸಂಗಡಿಗರು 438 ಮಕ್ಕಳ ಅಧ್ಯಯನವನ್ನು 2004ರಲ್ಲಿ ಪ್ರಕಟಿಸಿದರು. ಬ್ರೇಸ್ ತೊಟ್ಟವರು, ವ್ಯಾಯಾಮ ಮಾಡಿದವರು, ಚಿಕಿತ್ಸೆ ಪಡೆಯದವರು, ಈ ಮೂರು ಗುಂಪುಗಳ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ! 8 ವರ್ಷ ದಾಟಿದ ಮೇಲೆ ರೋಗ ಬಂದ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾಯಿತು.

ಯೋಚನೆ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆಯಲ್ಲಿ ಗೆಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಓಡಾಡುವ ವಯಸ್ಸಿನ ಮಗುವಿಗೆ ತಿಂಗಳುಗಟ್ಟಲೆ ಬ್ರೇಸ್ ತೊಡಿಸುವುದು ಸಣ್ಣ ಮಾತಲ್ಲ. ಲಾಭ ಖಚಿತವಾಗದೆ ಆ ಕಷ್ಟ ಕೊಡಬಾರದು. ಹಾಗೆಂದು ಎಲ್ಲ ಬ್ರೇಸ್‌ಗಳೂ ವ್ಯರ್ಥವಲ್ಲ. ಹುಟ್ಟಿನಿಂದಲೇ ಸೊಂಟದ ಕೀಲು ಸಡಿಲವಾಗಿರುವ ಹಸುಗೂಸುಗಳಿಗೆ ಪಾವ್ಲಿಕ್ ಪಟ್ಟಿ ಇಂದಿಗೂ ಒಳ್ಳೆಯ ಚಿಕಿತ್ಸೆ. ಒಂದು ರೋಗಕ್ಕೆ ಒಪ್ಪಿದ್ದು ಇನ್ನೊಂದಕ್ಕೂ ಒಪ್ಪಬೇಕೆಂದಿಲ್ಲ. ಆದ್ದರಿಂದ ಯಾರಿಗೆ ಏನು ಬೇಕೆಂಬುದನ್ನು ಮೂಳೆ ವೈದ್ಯರೇ ಪರೀಕ್ಷಿಸಿ ನಿರ್ಧರಿಸಬೇಕು.

ನಿಮ್ಮ ತಮ್ಮನೋ ತಂಗಿಯೋ ಕೆಲವು ದಿನಗಳಿಂದ ಕುಂಟುತ್ತಿದ್ದರೆ ಅಣಕಿಸಬೇಡಿ, ಮನೆಯ ಹಿರಿಯರಿಗೆ ತಿಳಿಸಿ. ಸೊಂಟದ ತೊಂದರೆ ಎಷ್ಟೋ ಸಲ ಮೊಣಕಾಲಿನ ನೋವಾಗಿ ಕಾಣಿಸಿಕೊಳ್ಳುತ್ತದೆ. ಇನ್ನು ಮುಂದೆ ಯಾರಾದರೂ "ಇದರಿಂದಲೇ ವಾಸಿಯಾಯಿತು" ಎಂದರೆ, "ಇದಿಲ್ಲದವರಿಗೆ ಏನಾಯಿತು?" ಎಂದು ಕೇಳುವಿರಲ್ಲವೇ?