ಸಂಕೋಲೆ ಹಾಕಿದವನಿಗೇ ಪರಿಹಾರ!



ಲಿಂಕನ್ ದೊಡ್ಡ ಮನುಷ್ಯ, ಗುಲಾಮರನ್ನು ಬಿಡಿಸಿದ, ಮುಗೀತು. ಪಾಠದಲ್ಲಿ ಇಷ್ಟು ಓದಿ ಪುಟ ಮಗುಚಿ ಹಾಕ್ತೀವಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಬಿಡುಗಡೆ ಆದಾಗ ದುಡ್ಡು ಯಾರ ಕೈಗೆ ಹೋಯಿತು? ಆ ಲೆಕ್ಕ ನಾವೇ ತೆಗೆಯೋಣ.

ಆ ಊರು ಕಟ್ಟಿದ್ದರಲ್ಲೇ ಗುಲಾಮರ ಬೆವರಿದೆ. 1790ರ ದಶಕದಲ್ಲಿ ಅಧ್ಯಕ್ಷರ ಮನೆಗೆ, ಶಾಸನಸಭೆ ಕೂರುವ ಕ್ಯಾಪಿಟಲ್ ಭವನಕ್ಕೆ ಕಲ್ಲು ಒಡೆಯಲು, ಮರ ಕೊಯ್ಯಲು ಗುಲಾಮರನ್ನು ಬಾಡಿಗೆಗೆ ತಂದರು. ಮೈ ಮುರಿದವನು ಗುಲಾಮ, ಕೂಲಿ ಎಣಿಸಿಕೊಂಡವನು ಒಡೆಯ. ಆ ಭವನದ ಕಣ್ಣಳತೆಯಲ್ಲೇ ಮನುಷ್ಯರನ್ನು ಕೂಡಿಹಾಕಿ ಮಾರುವ ದೊಡ್ಡಿಗಳಿದ್ದವು. ಸ್ವತಂತ್ರ ಪ್ರಜೆ ಸಾಲೊಮನ್ ನಾರ್ತಪ್‌ನನ್ನು 1841ರಲ್ಲಿ ಮೋಸದಿಂದ ತಂದು ಕೆಡವಿದ್ದು ಅಂಥದೇ ದೊಡ್ಡಿಗೆ. ಅಲ್ಲಿಂದ ಹನ್ನೆರಡು ವರ್ಷ ಗುಲಾಮಗಿರಿ!

ಅವರೇನೂ ಕೈಕಟ್ಟಿ ಕೂತಿರಲಿಲ್ಲ. 1848ರಲ್ಲಿ 77 ಜನ 'ಪರ್ಲ್' ಅನ್ನೋ ಹಡಗು ಹತ್ತಿ ರಾತ್ರೋರಾತ್ರಿ ಹೊರಟರು. ಹಿಡಿದು ತಂದು, ಬಹಳಷ್ಟು ಜನರನ್ನು ದಕ್ಷಿಣಕ್ಕೆ ಮಾರಿದರು. 1850ರಲ್ಲಿ ಮಾರಾಟಕ್ಕೆಂದು ರಾಜಧಾನಿಗೆ ಗುಲಾಮರನ್ನು ತರುವುದನ್ನು ಕಾನೂನು ನಿಲ್ಲಿಸಿತು. ಗುಲಾಮಗಿರಿ ನಿಲ್ಲಲಿಲ್ಲ.

ಕೊನೆಗೆ 1862ರ ಏಪ್ರಿಲ್ 16ರಂದು ಲಿಂಕನ್ ಕಾಯಿದೆಗೆ ಸಹಿ ಹಾಕಿದ. ಸುಮಾರು 3,100 ಜನ ಬಿಡುಗಡೆಯಾದರು. ಪರಿಹಾರ ಯಾರಿಗೆ? ಒಡೆಯರಿಗೆ! ತಲೆಗೆ ಸರಾಸರಿ 300 ಡಾಲರ್ ಮೀರದಂತೆ. ದುಡಿದು ಸವೆದವನಿಗೆ? ದೇಶ ಬಿಟ್ಟು ಹೈಟಿಗೋ ಲೈಬೀರಿಯಾಕ್ಕೋ ತೊಲಗಿದರೆ 100 ಡಾಲರ್ ತನಕ. ಊರು ಕಟ್ಟಿದ ಜನಕ್ಕೆ ಊರು ಬಿಡೋಕೆ ಲಂಚ.

ಫಿಲಿಪ್ ರೀಡ್ ಅನ್ನೋ ಗುಲಾಮ ಕ್ಯಾಪಿಟಲ್ ಗೋಪುರದ 'ಸ್ವಾತಂತ್ರ್ಯ' ಪ್ರತಿಮೆಯ ಕಂಚಿನ ಎರಕಕ್ಕೆ ದುಡಿದ. ಭಾನುವಾರದ ಕೂಲಿ ಮಾತ್ರ ಅವನದು, ಮಿಕ್ಕ ಆರು ದಿನದ್ದು ಒಡೆಯನದು. ಅವನ ಬಿಡುಗಡೆಗೆ ಒಡೆಯ ಕೇಳಿದ್ದು 1,500 ಡಾಲರ್, ಪಡೆದದ್ದು 350 ಡಾಲರ್ 40 ಸೆಂಟ್. ಸ್ವಾತಂತ್ರ್ಯದ ಬೊಂಬೆ ಎರೆದವನಿಗೇ ಸ್ವಾತಂತ್ರ್ಯ ಇರಲಿಲ್ಲ ಕಣ್ರಯ್ಯಾ!

'ದುಡ್ಡು ಕೊಡದಿದ್ದರೆ ಒಡೆಯರು ಬಿಡ್ತಿರಲಿಲ್ಲ' ಅಂತ ಪಂಡಿತರು ಹೇಳ್ತಾರೆ. ಹಾಗಾದರೆ 1865ರಲ್ಲಿ 13ನೇ ತಿದ್ದುಪಡಿ ದೇಶದಾದ್ಯಂತ ಗುಲಾಮಗಿರಿ ರದ್ದು ಮಾಡಿದಾಗ ಒಡೆಯರಿಗೆ ಎಷ್ಟು ಕೊಟ್ಟರು? ಏನೂ ಇಲ್ಲ. ಕಳೆದುಕೊಂಡ ಗುಲಾಮರಿಗೆ ಯಾರೂ ಪರಿಹಾರ ಕೇಳುವಂತಿಲ್ಲ ಅಂತ 1868ರ 14ನೇ ತಿದ್ದುಪಡಿಯಲ್ಲೇ ಬರೆದರು. ಅಂದರೆ ಕೊಡದೆಯೂ ಬಿಡಿಸಬಹುದಿತ್ತು. ಆದರೆ ಆಗಲೂ ಬಿಡುಗಡೆಯಾದವನ ಬರಿಗೈ ಬರಿಗೈಯಾಗೇ ಉಳಿಯಿತು.

ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. ಆ ಹೋರಾಟ ನಮಗೂ ದಾರಿ ಅಂತ ಫುಲೆ ಕಂಡರು. ಆ ದಾರಿಯಲ್ಲಿ ನಡೆಯೋ ನಾವು ಅದರ ಲೆಕ್ಕದ ಪುಸ್ತಕವನ್ನೂ ಓದಬೇಕು. ಕಾಯಿದೆ ಬಂತು ಅಂತ ಯಾರಾದರೂ ಹಾರ ತುರಾಯಿ ಹಿಡಿದು ಬಂದರೆ ಮೊದಲು ಕೇಳಿ: ದುಡಿದವನಿಗೆ ಏನು ಸಿಕ್ಕಿತು? ಭೂಮಿ ಎಷ್ಟು? ಬಾಕಿ ಕೂಲಿ ಎಷ್ಟು?

ಉತ್ತರ ಬರೋವರೆಗೂ ಕೇಳ್ತಲೇ ಇರಿ.