ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಹುಡುಕಿದರೆ ಬಿಲ್ ಯಾರಿಗೆ?

ಅಮೆರಿಕದ ಬೆಟ್ಟಗಳಲ್ಲಿ ಚಾರಣಕ್ಕೆ ಹೋಗಿ ದಾರಿ ತಪ್ಪಿದಿರಿ, 911ಕ್ಕೆ ಕರೆ ಮಾಡಿದಿರಿ ಎಂದಿಟ್ಟುಕೊಳ್ಳಿ. ಹುಡುಕಿದ್ದಕ್ಕೆ ಸಾವಿರಾರು ಡಾಲರ್ ಕಟ್ಟಬೇಕು ಎಂಬ ಮಾತಿದೆಯಲ್ಲ, ಅದು ನಿಜವೇ?

ಬಹುತೇಕ ಕಡೆ ಅಲ್ಲ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ಸಾಮಾನ್ಯವಾಗಿ ಹುಡುಕಾಟಕ್ಕೆ ಹಣ ಕೇಳುವುದಿಲ್ಲ. ಕೊಲರಾಡೊದಲ್ಲಿ ಹುಡುಕಲು ಹೊರಡುವವರು ಸಂಬಳವಿಲ್ಲದ ಸ್ವಯಂಸೇವಕರು, ಅವರೂ ಬಿಲ್ ಕೊಡುವುದಿಲ್ಲ.

ಆದರೆ ಮಾತು ಪೂರ್ತಿ ಸುಳ್ಳೂ ಅಲ್ಲ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನು ನಿರ್ಲಕ್ಷ್ಯದಿಂದ ಅಪಾಯಕ್ಕೆ ಸಿಲುಕಿದವರಿಂದ ಖರ್ಚು ವಸೂಲಿಗೆ ಅವಕಾಶ ಕೊಡುತ್ತದೆ. ಟಾರ್ಚ್ ಇಲ್ಲ, ಬೆಚ್ಚಗಿನ ಬಟ್ಟೆ ಇಲ್ಲ, ಹವಾಮಾನ ನೋಡಿಲ್ಲ ಎಂಬಂಥ ಪ್ರಕರಣಗಳಿವು. 2015ರಿಂದ ಅಲ್ಲಿ ‘ಹೈಕ್ ಸೇಫ್’ ಕಾರ್ಡ್ ಸಿಗುತ್ತದೆ: ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35. ಕಾರ್ಡ್ ಇದ್ದರೆ ನಿರ್ಲಕ್ಷ್ಯಕ್ಕೆ ಬಿಲ್ ಇಲ್ಲ. ಅಪಾಯ ಗೊತ್ತಿದ್ದೂ ಹುಂಬತನಕ್ಕೆ ಇಳಿದವರನ್ನು ಮಾತ್ರ ಅದು ಕಾಯುವುದಿಲ್ಲ.

ನಿಜವಾದ ಹೊರೆ ಬೇರೆಯೇ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ಯುವ ಖಾಸಗಿ ಹೆಲಿಕಾಪ್ಟರ್ ಆಂಬುಲೆನ್ಸ್‌ನ ಬಿಲ್ ಹತ್ತಾರು ಸಾವಿರ ಡಾಲರ್ ದಾಟಬಹುದು. ಇದು ಹುಡುಕಾಟದ ಲೆಕ್ಕವಲ್ಲ, ಚಿಕಿತ್ಸೆಯ ಲೆಕ್ಕ. ಜನ ಎರಡನ್ನೂ ಬೆರೆಸಿಬಿಡುತ್ತಾರೆ. ಕೊಲರಾಡೊದಲ್ಲಿ ಮಾರುವ ರಕ್ಷಣಾ ಕಾರ್ಡ್ ಕೂಡ ಈ ಹಾರಾಟಕ್ಕೆ ಹಣ ಕೊಡುವುದಿಲ್ಲ, ಏಕೆಂದರೆ ಅದು ವಿಮೆಯಲ್ಲ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮವರು ಪ್ರಯಾಣ ವಿಮೆಯಲ್ಲಿ ತುರ್ತು ವೈದ್ಯಕೀಯ ಸಾಗಣೆ ಸೇರಿದೆಯೇ, ಚಾರಣವನ್ನು ಹೊರಗಿಟ್ಟಿದ್ದಾರೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.

ನಮಗೆ ಆತಂಕ ಹುಟ್ಟಿಸುವುದು ಬಿಲ್ಲಿಗಿಂತ ಅದರ ಭಯ. ಅಮೆರಿಕದ ಪರ್ವತ ರಕ್ಷಣಾ ತಂಡಗಳ ಸಂಘವೇ ಹಣ ವಸೂಲಿಯನ್ನು ವಿರೋಧಿಸುತ್ತದೆ. ಹೆದರಿ ಕರೆ ತಡ ಮಾಡಿದರೆ ಹಗಲಿನಲ್ಲಿ ಮುಗಿಯಬಹುದಾದ ಹುಡುಕಾಟ ಕತ್ತಲಲ್ಲಿ ನಡೆಯುತ್ತದೆ, ಹುಡುಕಲು ಬಂದವರ ಜೀವವೂ ಅಪಾಯಕ್ಕೆ ಬೀಳುತ್ತದೆ.